ಟಿಕೆಟ್‌ನಲ್ಲಿರುವ ಎರಡು ಟೈಮನ್ನು ಸುಮ್ನೆ ಕಳೆಯಬೇಡಿ

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದ ದಾರಿ ಸುಮಾರು 14,000 ಕಿಲೋಮೀಟರ್. ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರು ನಮ್ಮ ಆಫೀಸಿಗೆ ಬಂದಾಗ ಈ ದೂರವನ್ನು ಮೊದಲೇ ನೋಡಿಕೊಂಡು ಬಂದಿರುತ್ತಾರೆ. ಲಗೇಜು ಎಷ್ಟು ಕೆಜಿ, ಚಟ್ನಿಪುಡಿ ಒಯ್ಯಬಹುದಾ, ಎಲ್ಲ ವಿಚಾರಿಸುತ್ತಾರೆ. ಆದರೆ ಎಷ್ಟು ಹೊತ್ತಿನ ಪ್ರಯಾಣ ಅನ್ನುವಲ್ಲಿ ಮಾತ್ರ ಪದೇ ಪದೇ ಎಡವುತ್ತಾರೆ.

ಟಿಕೆಟ್‌ನಲ್ಲಿ ಹೊರಡುವ ಟೈಮು ಬೆಂಗಳೂರಿನದು, ಇಳಿಯುವ ಟೈಮು ಸ್ಯಾನ್ ಫ್ರಾನ್ಸಿಸ್ಕೊದ್ದು. ಇಷ್ಟೇ ವಿಷಯ. ಬೆಳಗಿನ ಜಾವ 3ಕ್ಕೆ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಿಸಿ, ಅದೇ ದಿನ ಮಧ್ಯಾಹ್ನ 1:30ಕ್ಕೆ ಇಳಿಯುತ್ತೀರಿ ಅಂತಿದೆ ಅಂದುಕೊಳ್ಳಿ. ಕಳೆದರೆ ಹತ್ತೂವರೆ ಗಂಟೆ. ನಂಬುವ ಹಾಗೇ ಇದೆ, ತೊಂದರೆಯೇ ಅದು! ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅದನ್ನು ಸೇರಿಸಿದರೆ ಪೂರಾ 24 ಗಂಟೆ. ಅಲ್ಲಿ ಮಧ್ಯಾಹ್ನ 1:30 ಆದಾಗ ನಮ್ಮಲ್ಲಿ ಮರುದಿನದ ಬೆಳಗಿನ ಜಾವ 3. ಅಂದರೆ ಒಂದು ದಿನ ಒಂದು ರಾತ್ರಿ ದಾರಿಯಲ್ಲೇ.

ಭಾರತಕ್ಕೆಲ್ಲ ಒಂದೇ ಟೈಮು. ಗುವಾಹಟಿಗೆ ಹೋದರೂ ನಾವು ವಾಚು ತಿರುಗಿಸಿದವರಲ್ಲ. ಹಾಗಾಗಿ ಈ ಲೆಕ್ಕ ನಮಗೆ ರೂಢಿಯಿಲ್ಲ, ಅದು ಯಾರ ದಡ್ಡತನವೂ ಅಲ್ಲ. ಆದರೂ ಟಿಕೆಟ್ ಕೈಗೆ ಕೊಡುವಾಗಲೇ ಬಿಡಿಸಿ ಹೇಳಿ, ಎರಡು ದಿನ ಬಿಟ್ಟು ಫೋನಿನಲ್ಲಿ ಅದನ್ನೇ ಮತ್ತೆ ಹೇಳುವಾಗ ಬೇಸರವಾಗುತ್ತದೆ, ನಿಜ.

ವಾಪಸ್ ಬರುವಾಗ ಕಷ್ಟ ಇನ್ನೂ ಜಾಸ್ತಿ. ಮಂಗಳವಾರ ಮಧ್ಯಾಹ್ನ ಅಲ್ಲಿ ಹತ್ತಿದವರು ಗುರುವಾರ ರಾತ್ರಿ 1:30ಕ್ಕೆ ದೇವನಹಳ್ಳಿಯಲ್ಲಿ ಇಳಿಯುತ್ತಾರೆ. ತುಮಕೂರಿನ ಹಿರಿಯರೊಬ್ಬರು ಟಿಕೆಟ್ ನೋಡಿ, ಗುರುವಾರ ರಾತ್ರಿ ಊಟ ಮಾಡಿ ಹೊರಟರಾಯಿತು ಅಂದುಕೊಂಡು ಕಾರು ಹೇಳಿದ್ದರು. ಮಗ ಬುಧವಾರ ನಡುರಾತ್ರಿ ಕಳೆದೊಡನೆ ಬಂದಿಳಿದು, ಎರಡು ಸೂಟ್‌ಕೇಸ್ ಪಕ್ಕ ಇಟ್ಟುಕೊಂಡು ಮನೆಗೆ ಫೋನ್ ಮಾಡಿದ. ಅಮ್ಮ ನಿದ್ದೆಯಲ್ಲಿ ಎತ್ತಿ, "ಅಯ್ಯೋ, ನೀನು ಬರೋದು ನಾಳೆ ಅಲ್ವೇನಪ್ಪಾ?" ಅಂದರಂತೆ. ಕಾರಿನವರಿಗೆ ಹೇಳುವಾಗ "ಬುಧವಾರ ರಾತ್ರಿ ಊಟ ಮಾಡಿ ಹೊರಡಬೇಕು" ಅಂತಲೇ ಹೇಳಿ. ಗುರುವಾರ ಅನ್ನುವ ಮಾತೇ ಬೇಡ.

ದೂರವನ್ನು ವೇಗದಿಂದ ಭಾಗಿಸಿ ನೋಡುವವರೂ ಇದ್ದಾರೆ. ಅದು ಅಂದಾಜಿಗೆ ಸಾಕು, ಅಷ್ಟೇ. ಗಾಳಿ, ಸುತ್ತು ದಾರಿ, ನಡುವೆ ಕಾಯುವ ಹೊತ್ತು ಅದರಲ್ಲಿ ಬರುವುದಿಲ್ಲ. ಲಂಡನ್‌ಗೆ ಹೋಗುವುದಕ್ಕಿಂತ ಬರುವುದು ಸಾಮಾನ್ಯವಾಗಿ ಬೇಗ, ಮೇಲಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ.

ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತದೆ. ಬೇಸಿಗೆಯಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ ಮಾತ್ರ. ಬಹಳಷ್ಟು ಟಿಕೆಟ್‌ಗಳಲ್ಲಿ ಒಟ್ಟು ಪ್ರಯಾಣದ ಅವಧಿ ಬೇರೆಯಾಗಿ ಬರೆದಿರುತ್ತದೆ, ಮೊದಲು ಅದನ್ನು ನೋಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಶುಗರ್, ಬಿಪಿ ಇರುವವರು. ಹತ್ತು ಗಂಟೆ ಅಂದುಕೊಂಡು ಮಾತ್ರೆಯನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿಬಿಡುತ್ತಾರೆ. ಮಾತ್ರೆ, ಇನ್ಸುಲಿನ್, ಡಾಕ್ಟರ ಚೀಟಿ ಕೈಚೀಲದಲ್ಲಿರಲಿ. ಯಾವ ಹೊತ್ತಿಗೆ ಎಷ್ಟು ಅನ್ನುವುದನ್ನು ಒಟ್ಟು ಗಂಟೆ ತೋರಿಸಿ ನಿಮ್ಮ ಡಾಕ್ಟರನ್ನೇ ಕೇಳಿ. ಅದು ನಾನು ಹೇಳುವಂಥದ್ದಲ್ಲ.