ಮರುಟಂಕನವೋ, ಮೇಲಚ್ಚೋ?

ಹಳೆಯ ಗ್ರೀಕ್ ಬೆಳ್ಳಿ ನಾಣ್ಯಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಮರುಟಂಕನ’ ಎಂಬ ಒಂದೇ ಪದದ ತಲೆಗೆ ನಾಲ್ಕು ಸಂಗತಿಗಳನ್ನು ಕಟ್ಟುತ್ತಿದ್ದೇವೆ. ಹಳೆಯ ನಾಣ್ಯದ ಮೇಲೆಯೇ ಹೊಸ ಅಚ್ಚು ಹೊಡೆದ ಓವರ್‌ಸ್ಟ್ರೈಕ್‌ಗೂ ಅದೇ, ಹಳೆಯ ಅಚ್ಚಿನಿಂದ ಮತ್ತೆ ಹೊಡೆದ ರೀಸ್ಟ್ರೈಕ್‌ಗೂ ಅದೇ, ಪೆಟ್ಟಿನ ನಡುವೆ ಜರುಗಿ ಚಿತ್ರ ಎರಡೆರಡಾಗಿ ಮೂಡಿದ ನಾಣ್ಯಕ್ಕೂ ಅದೇ, ಮೂಲೆಯಲ್ಲಿ ಪುಟ್ಟ ಮುದ್ರೆ ಒತ್ತಿಸಿಕೊಂಡ ನಾಣ್ಯಕ್ಕೂ ಅದೇ. ಇವುಗಳಲ್ಲಿ ಮೊದಲಿನ ಎರಡಂತೂ ಒಂದಕ್ಕೊಂದು ತದ್ವಿರುದ್ಧ.

ರೀಸ್ಟ್ರೈಕ್‌ನಲ್ಲಿ ಅಚ್ಚು ಹಳೆಯದು ಅಥವಾ ಅದರ ಪಡಿಯಚ್ಚು, ಲೋಹ ಹೊಸದು. ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ ತೀರಿಕೊಂಡದ್ದು 1780ರಲ್ಲಿ. ಅದೇ ಇಸವಿ ಹೊತ್ತ ಅವಳ ‘ಥಾಲರ್’ ಎಂಬ ಬೆಳ್ಳಿ ನಾಣ್ಯ 20ನೇ ಶತಮಾನದಲ್ಲೂ ಅಚ್ಚಾಗುತ್ತಿತ್ತು. ಓವರ್‌ಸ್ಟ್ರೈಕ್‌ನಲ್ಲಿ ಅಚ್ಚು ಹೊಸದು, ಅದರಡಿ ಬಿಲ್ಲೆಯಾಗಿ ಕೂತದ್ದು ಚಲಾವಣೆಯಲ್ಲಿದ್ದ ಹಳೆಯ ನಾಣ್ಯ. ಕನ್ನಡದಲ್ಲಿ ‘ಮರು’ ಎಂದರೆ ಅದನ್ನೇ ಇನ್ನೊಮ್ಮೆ. ಮರುಮುದ್ರಣ ಎಂದಾಗ ಪುಸ್ತಕ ಅದೇ, ಕಾಗದ ಮಾತ್ರ ಬೇರೆ. ಹಾಗಾಗಿ ಮರುಟಂಕನ ರೀಸ್ಟ್ರೈಕ್‌ಗೆ ಸರಿಯಾಗಿ ಹೊಂದುತ್ತದೆ, ಅದನ್ನು ಅಲ್ಲೇ ಬಿಡೋಣ. ಓವರ್‌ಸ್ಟ್ರೈಕ್‌ಗೆ ‘ಮೇಲಚ್ಚು’ ಸಾಕು. ಕೆಳಗೆ ಸಿಕ್ಕಿಕೊಂಡದ್ದು ‘ಅಡಿನಾಣ್ಯ’. ಗ್ರೀಕರ ಮಾತೂ ಹೀಗೇ ಇದೆ. ಎಪಿ ಎಂದರೆ ಮೇಲೆ, ಕೋಪ್ತೋ ಎಂದರೆ ಹೊಡೆ. ಎಪಿಕೋಪ್ತೋ, ಮೇಲೆ ಹೊಡೆ. ನಾಣ್ಯದ ಮೇಲಿನ ಒತ್ತಿಗೆ ಅವರು ಕೊಮ್ಮ ಎನ್ನುತ್ತಿದ್ದರು. ವಾಕ್ಯದಲ್ಲಿ ನಾವು ಹಾಕುವ ಕಾಮಾ ಕೂಡ ಇದೇ ಪದ, ಕಡಿದು ಬೇರೆ ಮಾಡಿದ ತುಂಡು ಎಂಬ ಅರ್ಥದ ಕವಲಿನಿಂದ ಬಂದದ್ದು. ನಮ್ಮ ಟಂಕಸಾಲೆಯ ‘ಟಂಕ’ಕ್ಕೂ ಸಂಸ್ಕೃತದಲ್ಲಿ ಉಳಿ, ನಾಣ್ಯ ಎರಡೂ ಅರ್ಥಗಳಿವೆ. ಎರಡು ನುಡಿಗಳಲ್ಲೂ ನಾಣ್ಯದ ಮಾತು ಪೆಟ್ಟಿನಿಂದಲೇ ಹುಟ್ಟಿದೆ. ಆ ಪೆಟ್ಟು ಯಾವುದರ ಮೇಲೆ ಬಿತ್ತು ಎಂದು ಹೇಳದ ಪದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೆಲಸ ನಡೆಯುವುದು ಹೀಗೆ. ಬೆಳ್ಳಿ ಕರಗಲು 961 ಡಿಗ್ರಿ ಸೆಲ್ಸಿಯಸ್ ಬೇಕು, ಮೆತ್ತಗಾಗಲು 600–700 ಸಾಕು. ಹಳೆಯ ನಾಣ್ಯವನ್ನು ಮಂಕು ಕೆಂಪಾಗುವಷ್ಟು ಕಾಯಿಸಿ, ಅಡಿಗಲ್ಲಿಗೆ ಕೂರಿಸಿದ ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಾರೆ. ಕಾಯಿಸದೆ ಹೊಡೆದರೆ ಅಂಚು ಸೀಳಬಹುದು. ಕರಗಿಸುವ, ಶೋಧಿಸುವ, ತೂಕ ನೋಡಿ ಬಿಲ್ಲೆ ಎರೆಯುವ ಖರ್ಚೆಲ್ಲ ಉಳಿಯಿತು. ಆದರೆ ಪೆಟ್ಟು ಲೋಹವನ್ನು ಸರಿಸುತ್ತದೆ, ಅಳಿಸುವುದಿಲ್ಲ. ಹೊಸ ಅಚ್ಚಿನ ಸಮತಟ್ಟು ಜಾಗ ಬಿದ್ದಲ್ಲಿ ಹಳೆಯ ಉಬ್ಬು ಚಪ್ಪಟೆಯಾಗುತ್ತದೆ. ಹಳೆಯ ಉಬ್ಬು ಹೊಸ ಅಚ್ಚಿನ ಕುಳಿಯೊಳಗೆ ಹೋಗಿ ಕೂತರೆ ಅದನ್ನು ಒತ್ತಲು ಏನೂ ಇರುವುದಿಲ್ಲ, ಹಾಗೇ ಉಳಿಯುತ್ತದೆ. ಹಳೆಯ ತಗ್ಗುಗಳನ್ನು ತುಂಬುವಷ್ಟು ಲೋಹ ಹರಿಯದಿದ್ದರೆ ಅವೂ ಉಳಿಯುತ್ತವೆ. ಹೊಸ ಮುಖದ ಕೆನ್ನೆಯ ಮೇಲೆ ಹಳೆಯ ರೆಕ್ಕೆ ಕಾಣುವುದು ಇದರಿಂದಲೇ.

ದಕ್ಷಿಣ ಇಟಲಿಯ ಮೆಟಪಾಂಟಮ್ ಒಳ್ಳೆಯ ಉದಾಹರಣೆ. ಈ ಗ್ರೀಕ್ ಊರಿಗೆ ತನ್ನದೇ ಬೆಳ್ಳಿ ಗಣಿ ಇರಲಿಲ್ಲ. ಕ್ರಿ.ಪೂ. 5ನೇ ಶತಮಾನದಲ್ಲಿ ಕೊರಿಂಥ್‌ನ ರೆಕ್ಕೆಕುದುರೆ ನಾಣ್ಯಗಳ ಮೇಲೆ ಅದು ತನ್ನ ಬಾರ್ಲಿ ತೆನೆಯನ್ನು ಒತ್ತಿತು. ಕೊರಿಂಥ್‌ನ ‘ಸ್ಟೇಟರ್’ ಎಂಬ ಬೆಳ್ಳಿ ನಾಣ್ಯ ಸುಮಾರು 8.6 ಗ್ರಾಂ, ಮೆಟಪಾಂಟಮ್‌ನದು ಸುಮಾರು 8. ತೂಕ ಅಷ್ಟು ಹತ್ತಿರ. ಕ್ರೀಟ್‌ನ ಗಾರ್ಟಿನ್, ಫೈಸ್ಟಸ್ ಪಟ್ಟಣಗಳು ಉತ್ತರ ಆಫ್ರಿಕದ ಸೈರೀನ್ ನಾಣ್ಯಗಳನ್ನು ಹೀಗೇ ಬಳಸಿದವು, ಅವುಗಳಲ್ಲಿ ಕೆಲವೆಡೆ ಸೈರೀನ್ ನಾಣ್ಯದ ಗುರುತಾದ ಸಿಲ್ಫಿಯಂ ಗಿಡದ ಕಾಂಡ ಇಂದಿಗೂ ಇಣುಕುತ್ತದೆ. ಮೇಲಚ್ಚು ಕಂಡಲ್ಲೆಲ್ಲ ‘ಶತ್ರುವಿನ ಗುರುತು ಅಳಿಸಿದರು’ ಎಂದು ಬರೆಯುವ ಚಾಳಿಯನ್ನು ಬಿಡಬೇಕು. ಮೆಟಪಾಂಟಮ್‌ಗೆ ಕೊರಿಂಥ್‌ನ ನಾಣ್ಯ ಬರೀ ಬೆಳ್ಳಿ. ಸೇಡಿನ ಮೇಲಚ್ಚು ಇಲ್ಲವೆಂದಲ್ಲ: ಕ್ರಿ.ಶ. 132–135ರಲ್ಲಿ ರೋಮ್ ವಿರುದ್ಧ ಎದ್ದ ಬಾರ್ ಕೊಖ್ಬಾ ದಂಗೆಯಲ್ಲಿ ಯಹೂದಿಗಳು ರೋಮನ್ ದೊರೆಗಳ ಮುಖದ ಮೇಲೆಯೇ ತಮ್ಮ ಅಚ್ಚು ಹೊಡೆದರು. ಲಾಭದ ಮೇಲಚ್ಚೂ ಇದೆ. ಸಿಸಿಲಿಯ ಸಿರಾಕ್ಯೂಸ್‌ನ ದೊರೆ ಡಯೊನೀಸಿಯಸ್ ಸಾಲ ತೀರಿಸಲು ಜನರಿಂದ ನಾಣ್ಯ ತರಿಸಿಕೊಂಡು, ಒಂದು ದ್ರಾಖ್ಮ ನಾಣ್ಯಕ್ಕೆ ಎರಡರ ಬೆಲೆಯ ಅಚ್ಚು ಹೊಡೆದು ಹಿಂದಿರುಗಿಸಿದನೆಂದು ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ಗ್ರಂಥವೊಂದು ಹೇಳುತ್ತದೆ.

ನಮ್ಮ ನೆಲಕ್ಕೆ ಹತ್ತಿರದ್ದು ನಾಸಿಕ್ ಬಳಿಯ ಜೋಗಲ್‌ತೆಂಭಿ ನಿಧಿ. 1906ರಲ್ಲಿ ಸಿಕ್ಕ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಶಕರ ಕ್ಷಹರಾತ ವಂಶದ ದೊರೆ ನಹಪಾನನವು. 9,000ಕ್ಕೂ ಮಿಕ್ಕಿದವುಗಳ ಮೇಲೆ ಶಾತವಾಹನ ಗೌತಮೀಪುತ್ರ ಶಾತಕರ್ಣಿಯ ಕಮಾನುಬೆಟ್ಟ (ಕಮಾನುಗಳನ್ನು ಪೇರಿಸಿದಂಥ ಬೆಟ್ಟ), ‘ಉಜ್ಜಯಿನಿ’ (ಕೂಡುಗೆರೆಯ ನಾಲ್ಕು ತುದಿಗೂ ವೃತ್ತ) ಚಿಹ್ನೆಗಳಿವೆ. ಅಡಿಯಲ್ಲಿ ನಹಪಾನನ ಮುಖವೂ ಗ್ರೀಕ್ ಅಕ್ಷರಗಳೂ ತುಂಡುತುಂಡಾಗಿ ಕಾಣುತ್ತವೆ. ಇದು ಮೇಲಚ್ಚು. ನಾಣ್ಯದ ಬಹುಪಾಲನ್ನು ಹಾಗೇ ಬಿಟ್ಟು ಒಂದು ಕಡೆ ಪುಟ್ಟ ಗುರುತು ಒತ್ತಿದ್ದರೆ ಅದು ಒತ್ತುಮುದ್ರೆ.

ಜರುಗಿದ ಪೆಟ್ಟನ್ನು ಬೇರ್ಪಡಿಸುವುದು ಸುಲಭ: ಎರಡನೆಯ ಗೆರೆ ಮೊದಲಿನದರದ್ದೇ ನೆರಳಾಗಿರುತ್ತದೆ, ಅದೇ ಮೂಗು, ಅದೇ ಅಕ್ಷರ. ಅಡಿನಾಣ್ಯದ ಗೆರೆ ಹೊಸ ಚಿತ್ರಕ್ಕೆ ಎಲ್ಲೂ ಸೇರುವುದಿಲ್ಲ. ದೀಪವನ್ನು ಒಂದು ಪಕ್ಕದಿಂದ ತಗ್ಗಾಗಿ ಹಿಡಿದು, ನಾಣ್ಯವನ್ನು ಗಡಿಯಾರದ ಮುಳ್ಳಿನಂತೆ ಹನ್ನೆರಡು ದಿಕ್ಕಿಗೂ ತಿರುಗಿಸಿ ನೋಡಿ. ಹೊಸ ಚಿತ್ರಕ್ಕೆ ಸೇರದ ಗೆರೆಗಳನ್ನಷ್ಟೇ ಕಾಗದದಲ್ಲಿ ಎತ್ತಿಕೊಳ್ಳಿ. ಆಮೇಲೆ ತೂಕ ನೋಡಿ: 8 ಗ್ರಾಂ ನಾಣ್ಯದಡಿ 17 ಗ್ರಾಂನ ಅಥೆನ್ಸ್ ನಾಣ್ಯವನ್ನು ಕಂಡೆವೆಂದರೆ ಕಣ್ಣು ತಪ್ಪಿದೆ. ಅಡಿನಾಣ್ಯ ಗುರುತಾದರೆ ಮೇಲಚ್ಚು ಅದಕ್ಕಿಂತ ಈಚಿನದು ಎಂಬುದು ಖಚಿತ. ಎಷ್ಟು ಈಚಿನದು ಎಂಬುದು ಅದರಿಂದ ತಿಳಿಯದು. ಹಳೆಯ ಬೆಳ್ಳಿ ಯಾರದೋ ಗಡಿಗೆಯಲ್ಲಿ ಐವತ್ತು ವರ್ಷ ಇದ್ದಿರಬಹುದು. ಪಟ್ಟಿ ಮಾಡುವಾಗ ‘ಮೇಲಚ್ಚು: ಮೆಟಪಾಂಟಮ್, ಅಡಿನಾಣ್ಯ: ಕೊರಿಂಥ್’ ಎಂದು ಎರಡನ್ನೂ ಬರೆಯಿರಿ, ಕೆಳಗಿನದು ತಿಳಿಯದಿದ್ದರೆ ‘ಅಡಿನಾಣ್ಯ ಗುರುತಾಗಿಲ್ಲ’ ಎಂದಷ್ಟೇ ಬರೆಯಿರಿ.