ಓಟಿ ಮುಚ್ಚಿತ್ತು, ಗ್ಯಾಸ್ ಖರ್ಚಾಗುತ್ತಿತ್ತು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಆಸ್ಪತ್ರೆಯ ಓಟಿಗಳ, ಅಂದರೆ ಆಪರೇಷನ್ ಥಿಯೇಟರುಗಳ, ನೆಲ ಕಿತ್ತು ಹೊಸದಾಗಿ ಹಾಕಿಸುತ್ತಿದ್ದೆವು. ಮೂರು ವಾರ ತುರ್ತು ಹೆರಿಗೆ ಆಪರೇಷನ್ ಬಿಟ್ಟರೆ ಬೇರೇನೂ ಇರಲಿಲ್ಲ. ತಿಂಗಳ ಕೊನೆಗೆ ಸ್ಟೋರ್ ನೋಡಿಕೊಳ್ಳುವ ಹುಡುಗ ಮಾಲು ತರಿಸಲು ಬೇಡಿಕೆ ಬರೆಯುವ ಇಂಡೆಂಟ್ ಪುಸ್ತಕ ಹಿಡಿದು ಬಂದ. "ಸಾರ್, ನೈಟ್ರಸ್ ಸಿಲಿಂಡರ್ ಯಾವಾಗಿನಷ್ಟೇ ತರಿಸಲಾ? ಇರೋದು ಮುಗೀತು" ಎಂದ. ಸಹಿ ಹಾಕಲು ಪೆನ್ನು ತೆಗೆದಿದ್ದೆ. ಅಲ್ಲೇ ನಿಲ್ಲಿಸಿದೆ. ಆಪರೇಷನ್ನೇ ಇಲ್ಲದಿದ್ದರೆ ಗ್ಯಾಸ್ ಎಲ್ಲಿಗೆ ಹೋಯಿತು?

ನೈಟ್ರಸ್ ಆಕ್ಸೈಡ್ ಎಂದರೆ ಅರಿವಳಿಕೆಗೆ ಬಳಸುವ 'ಲಾಫಿಂಗ್ ಗ್ಯಾಸ್'. ನೀಲಿ ಸಿಲಿಂಡರಿನಲ್ಲಿ ಬರುತ್ತದೆ. ಮ್ಯಾನಿಫೋಲ್ಡ್ ರೂಮಿನಲ್ಲಿ ಸಾಲಾಗಿ ಜೋಡಿಸಿ, ಗೋಡೆಯೊಳಗಿನ ತಾಮ್ರದ ಪೈಪಿನಲ್ಲಿ ಓಟಿಗೆ ಕಳಿಸುತ್ತೇವೆ. ಇದರಲ್ಲೊಂದು ಮೋಸವಿದೆ. ಸಿಲಿಂಡರಿನೊಳಗೆ ಇದು ದ್ರವವಾಗಿರುತ್ತದೆ. ಹಾಗಾಗಿ ಒಳಗಿನ ಮಾಲು ಮುಗಿಯುತ್ತ ಬಂದರೂ ಗೇಜಿನ ಮುಳ್ಳು ಕದಲುವುದಿಲ್ಲ. ಪೂರ್ತಿ ಆವಿಯಾದ ಮೇಲೆ ಒಮ್ಮೆಲೇ ಕೆಳಗಿಳಿಯುತ್ತದೆ. ಮನೆಯಲ್ಲಿ ಅಡುಗೆ ಗ್ಯಾಸ್ ಎಷ್ಟಿದೆ ಅಂತ ಸಿಲಿಂಡರ್ ಅಲ್ಲಾಡಿಸಿ ನೋಡುತ್ತಾರಲ್ಲ, ಅದೇ ಕಾರಣಕ್ಕೆ. ಇಲ್ಲೂ ತೂಕ ಹಾಕದೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಯಾರೂ ತೂಕ ಹಾಕಿರಲಿಲ್ಲ.

ಹಾಕಿದೆವು. ಒಂದು ಶನಿವಾರ ಸಂಜೆ, ಮತ್ತೆ ಸೋಮವಾರ ಬೆಳಿಗ್ಗೆ. ನಡುವೆ ಓಟಿಗೆ ಬೀಗ. ಆದರೂ ತೂಕ ಇಳಿದಿತ್ತು. ಜೊತೆಗೆ ಅರಿವಳಿಕೆ ಶೀಟುಗಳನ್ನು ತೆಗೆದು ಮೂರು ತಿಂಗಳಲ್ಲಿ ರೋಗಿಗಳಿಗೆ ಎಷ್ಟು ಕೊಟ್ಟಿದ್ದೇವೆ ಎಂದು ಕೂಡಿಸಿದೆವು. ಕೊಂಡಿದ್ದಕ್ಕೂ ಕೊಟ್ಟಿದ್ದಕ್ಕೂ ತಾಳೆಯೇ ಇಲ್ಲ. ಹೆಚ್ಚಿನ ಪಾಲು ಹಳೆಯ ಪೈಪಿನ ಜಾಯಿಂಟುಗಳಿಂದ ಗಾಳಿಗೆ ಹೋಗುತ್ತಿತ್ತು.

ನಾವೊಬ್ಬರೇ ಪೆದ್ದರು ಅಂದುಕೊಂಡಿದ್ದೆ. ಅಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ಸುತ್ತಲಿನ ಲೋಥಿಯನ್ ಪ್ರದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದೇ ಲೆಕ್ಕ ಹಾಕಿದ್ದರು. ಪೈಪಿಗೆ ಬಿಟ್ಟ ನೈಟ್ರಸ್‌ನ ಬಹುಪಾಲು ರೋಗಿಯವರೆಗೆ ತಲುಪುತ್ತಲೇ ಇಲ್ಲ ಎಂದು ಅಲ್ಲೂ ಗೊತ್ತಾಯಿತು. ಆಮೇಲೆ ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳು ಈ ಪೈಪ್ ಲೈನನ್ನೇ ಮುಚ್ಚಿದವು. ಅರಿವಳಿಕೆ ಯಂತ್ರಕ್ಕೇ ಸಣ್ಣ ಸಿಲಿಂಡರ್ ಸಿಕ್ಕಿಸಿದರೆ ಸಾಕು. ಬೇಕಾದಾಗ ತೆರೆ, ಆದಮೇಲೆ ಮುಚ್ಚು. ನಾವೂ ಅದನ್ನೇ ಮಾಡಿದೆವು.

ಹೋಗಿದ್ದು ಬರೀ ದುಡ್ಡಲ್ಲ. ಒಂದು ಕಿಲೋ ನೈಟ್ರಸ್ ಆಕ್ಸೈಡ್ ಭೂಮಿಯನ್ನು ಬಿಸಿ ಮಾಡುವ ಲೆಕ್ಕದಲ್ಲಿ ಸುಮಾರು 270 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಗಾಳಿಗೆ ಸೇರಿದರೆ ನೂರು ವರ್ಷಕ್ಕೂ ಜಾಸ್ತಿ ಅಲ್ಲೇ ಇರುತ್ತದೆ. ಅದೇ ವರ್ಷ ಪರಿಸರ ದಿನಕ್ಕೆ ನಾವು ಹಿತ್ತಲಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡಿದ್ದೆವು. ಅದರ ಹಿಂದಿನ ಗೋಡೆಯೇ ಮ್ಯಾನಿಫೋಲ್ಡ್ ರೂಮಿನದು.

ಆಸ್ಪತ್ರೆಗಳ ಪರಿಸರ ಹೊರೆಯ ಬಗ್ಗೆ ಸಂಶೋಧನೆ ಜೋರಾಗಿದ್ದು ಈಚಿನ ಹದಿನೈದು ವರ್ಷಗಳಲ್ಲಿ. 2019ರಲ್ಲಿ 'ಹೆಲ್ತ್ ಕೇರ್ ವಿದೌಟ್ ಹಾರ್ಮ್' ಸಂಸ್ಥೆಯ ವರದಿಯೊಂದು ಬಂತು. ಜಗತ್ತಿನ ಒಟ್ಟು ಹಸಿರುಮನೆ ಅನಿಲಗಳಲ್ಲಿ ಶೇ 4.4ರಷ್ಟು ಆರೋಗ್ಯ ಕ್ಷೇತ್ರದ್ದು ಎಂದು ಅದು ಲೆಕ್ಕ ಹಾಕಿತು. ಆರೋಗ್ಯ ಕ್ಷೇತ್ರವೇ ಒಂದು ದೇಶವಾಗಿದ್ದರೆ ಹೊಗೆ ಉಗುಳುವುದರಲ್ಲಿ ಐದನೇ ಸ್ಥಾನ. ನನಗೆ ನಾಟಿದ್ದು ಅದರ ಇನ್ನೊಂದು ಅಂಕಿ. ಈ ಹೊರೆಯಲ್ಲಿ ಶೇ 71ರಷ್ಟು ಬರುವುದು ನಾವು ಕೊಳ್ಳುವ ಮಾಲಿನಿಂದ. ಔಷಧಿ, ಗ್ಲೌಸು, ಗೌನು, ಸಿರಿಂಜು, ಊಟದ ಸಾಮಾನು, ಇವನ್ನು ತಯಾರಿಸುವುದು, ಸಾಗಿಸುವುದು, ಕೊನೆಗೆ ಎಸೆಯುವುದು ಎಲ್ಲ ಸೇರಿ. ಛಾವಣಿ ಮೇಲಿನ ಸೋಲಾರ್ ಎಲ್ಲರ ಕಣ್ಣಿಗೆ ಬೀಳುತ್ತದೆ. ಸ್ಟೋರಿನ ರಿಜಿಸ್ಟರ್ ಬೀಳುವುದಿಲ್ಲ. ಸೋಲಾರ್ ಬೇಡ ಎನ್ನುತ್ತಿಲ್ಲ. ಕರೆಂಟ್ ನೆಚ್ಚುವಂತಿಲ್ಲದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡಿಸುವ ಸಿಸ್ಟರನ್ನು ಕೇಳಿ, ಅದರ ಬೆಲೆ ಅವರು ಹೇಳುತ್ತಾರೆ.

ಮಾಲು ಕಡಿಮೆ ಬಳಸಿ ಎಂದರೆ ವೈದ್ಯರು ತಕ್ಷಣ ಕೇಳುವುದು, "ಇನ್ಫೆಕ್ಷನ್ ಆದ್ರೆ ನೀವು ಬರ್ತೀರಾ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಪಕ್ಕದ ಮದುರೈಯಲ್ಲಿದೆ.

1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರು ಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆ ಅದು. ಅಲ್ಲಿ ಒಂದು ಪೊರೆ ಆಪರೇಷನ್ನಿಗೆ ಎಷ್ಟು ಇಂಗಾಲ, ಎಷ್ಟು ಕಸ ಎಂದು ಸಂಶೋಧಕರು ಅಳೆದು 2017ರಲ್ಲಿ ಪ್ರಕಟಿಸಿದರು. ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿ ಮಾಡಿ ತೆಗೆಯುವ ಫೇಕೋ ವಿಧಾನದ ಒಂದು ಆಪರೇಷನ್ನಿಗೆ ಸುಮಾರು 6 ಕಿಲೋ ಇಂಗಾಲದ ಡೈ ಆಕ್ಸೈಡಿನಷ್ಟು ಹೊರೆ. ಅದೇ ಆಪರೇಷನ್ನಿಗೆ ಬ್ರಿಟನ್ನಿನಲ್ಲಿ ಆಗುವುದರ ಇಪ್ಪತ್ತನೇ ಒಂದು ಭಾಗ ಇದು. ಕಸ ಕಾಲು ಕಿಲೋ. ಸೋಂಕಿನ ಪ್ರಮಾಣವೂ ಪಶ್ಚಿಮದ ಆಸ್ಪತ್ರೆಗಳಿಗಿಂತ ಹೆಚ್ಚಿಲ್ಲ.

ಹೇಗೆ ಸಾಧ್ಯ? ಒಂದೇ ಓಟಿಯಲ್ಲಿ ಪಕ್ಕಪಕ್ಕ ಎರಡು ಟೇಬಲ್. ಒಂದರಲ್ಲಿ ಆಪರೇಷನ್ ನಡೆಯುವಾಗ ಇನ್ನೊಂದರಲ್ಲಿ ಮುಂದಿನವರು ತಯಾರು. ಉಪಕರಣಗಳ ಸೆಟ್ಟು ಸರದಿಯಂತೆ ಆಟೋಕ್ಲೇವ್ ಆಗಿ, ಅಂದರೆ ಬಿಸಿ ಹಬೆಯಲ್ಲಿ ಶುದ್ಧಿಯಾಗಿ, ಬರುತ್ತಲೇ ಇರುತ್ತದೆ. ಕಣ್ಣಿನ ಡ್ರಾಪ್ಸ್ ಒಬ್ಬರಿಗೆ ಎರಡು ಹನಿ ಹಾಕಿ ಬಾಟಲಿ ಎಸೆಯುವುದಿಲ್ಲ. ಕಣ್ಣೊಳಗೆ ಕೂರಿಸುವ ಲೆನ್ಸನ್ನು ತಮ್ಮದೇ ಅರೋಲ್ಯಾಬಿನಲ್ಲಿ 1992ರಿಂದ ತಯಾರಿಸುತ್ತಾರೆ. ಇವುಗಳಲ್ಲಿ ಯಾವುದೂ ಪರಿಸರಕ್ಕಾಗಿ ಮಾಡಿದ್ದಲ್ಲ. ಬಡವರ ಕಣ್ಣಿಗೆ ಕಡಿಮೆ ಖರ್ಚಿನಲ್ಲಿ ಬೆಳಕು ಕೊಡಲು ಹೊರಟವರು, ದಂಡ ಮಾಡಲು ದುಡ್ಡಿರಲಿಲ್ಲ, ಅಷ್ಟೇ.

ಇಷ್ಟು ಓದಿ ನಾಳೆಯಿಂದಲೇ ಎಲ್ಲ ಮರುಬಳಕೆ ಮಾಡೋಣ ಅಂತ ಹೊರಟರೆ ಅನಾಹುತ. ಕಣ್ಣಿನ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿಕೊಂಡವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡ ಸುದ್ದಿಗಳನ್ನೂ ನಾವು ಓದಿದ್ದೇವೆ. ಅರವಿಂದದಲ್ಲಿ ಒಂದೊಂದು ಆಪರೇಷನ್ನಿನ ಫಲವನ್ನೂ ದಾಖಲಿಸುತ್ತಾರೆ. ಸೋಂಕು ಕಂಡರೆ ಯಾವ ಟೇಬಲ್, ಯಾವ ಸೆಟ್ಟು ಎಂದು ಬೆನ್ನು ಹತ್ತುತ್ತಾರೆ. ಆ ದಾಖಲೆ ಪುಸ್ತಕ ಇಲ್ಲದ ಕಡೆ ಬಿಸಾಡುವುದೇ ಕ್ಷೇಮ. ನಾನು ಸಿಸ್ಟರುಗಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ಇನ್ನು ಕಸದ ಲೆಕ್ಕ. ನಮ್ಮ ಪುಣ್ಯಕ್ಕೆ ಇದು ಆಗಲೇ ಬರೆದಿಟ್ಟಿರುತ್ತದೆ. 2016ರ ಬಯೋಮೆಡಿಕಲ್ ವೇಸ್ಟ್ ನಿಯಮದ ಪ್ರಕಾರ ಚೀಲಕ್ಕೆ ಬಾರ್ ಕೋಡ್ ಅಂಟಿಸಬೇಕು, ತೂಕ ಬರೆಯಬೇಕು, ಪ್ರತಿ ವರ್ಷ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿ ಕೊಡಬೇಕು. ಎಲ್ಲರೂ ಕೊಡುತ್ತೇವೆ. ಕೊಟ್ಟ ಮೇಲೆ ಓದುವವರು ಯಾರು? ಒಂದು ಮಧ್ಯಾಹ್ನ ಸುಮ್ನೆ ಕೂತು ನಮ್ಮದೇ ಒಂದು ವರ್ಷದ ತೂಕ ನೋಡಿದೆ. ಹಳದಿ ಚೀಲ ವಿಪರೀತ. ಹಳದಿ ಎಂದರೆ ರಕ್ತದ ಹತ್ತಿ, ಅಂಗಾಂಶ, ಅವಧಿ ಮುಗಿದ ಔಷಧಿ. ಇವು ಉರಿಯುವ ಕುಲುಮೆಗೆ ಹೋಗುತ್ತವೆ. ಕೆಂಪು ಚೀಲದ ಸಲೈನ್ ಬಾಟಲಿ, ಐವಿ ಸೆಟ್, ಗ್ಲೌಸು ಶುದ್ಧಿಯಾಗಿ ಚೂರಾಗಿ ಮರುಬಳಕೆಗೆ ಹೋಗುತ್ತವೆ. ವಾರ್ಡಿಗೆ ಹೋಗಿ ಚೀಲ ಬಿಚ್ಚಿಸಿ ನೋಡಿದರೆ ಹಳದಿಯಲ್ಲಿ ಸಲೈನ್ ಬಾಟಲಿ, ಐವಿ ಟ್ಯೂಬು, ಬಿಸ್ಕತ್ ಪೊಟ್ಟಣ, ಎಳನೀರು ಬುರುಡೆ ಕೂಡ! ಪಿವಿಸಿ ಪ್ಲಾಸ್ಟಿಕ್ಕಿನ ಟ್ಯೂಬು ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆಸ್ಪತ್ರೆ ಕಸದಲ್ಲಿ ಶೇ 85ರಷ್ಟು ಮನೆಯ ಕಸದಂಥದ್ದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಹಳದಿ ಚೀಲ ನೋಡಿದವರು ಇದನ್ನು ನಂಬುತ್ತಿರಲಿಲ್ಲ.

ಆಯಾಗಳನ್ನು ಬೈದೆವು. ಪೋಸ್ಟರ್ ಅಂಟಿಸಿದೆವು. ಏನೂ ಆಗಲಿಲ್ಲ. ಕೊನೆಗೆ ಒಬ್ಬ ಆಯಾನೇ ಹೇಳಿದರು, "ಸಾರ್, ಹಾಸಿಗೆ ಪಕ್ಕ ಹಳದಿ ಬಕೆಟ್ ಒಂದೇ ಐತೆ. ಕೆಂಪಿದು ಆ ಮೂಲೇಲಿ. ಕೈಲಿ ಐವಿ ಸೆಟ್ ಇಟ್ಕೊಂಡು ಯಾರ್ ನಡೀತಾರೆ?" ಬಕೆಟಿನ ಜಾಗ ಬದಲಿಸಿದೆವು. ಎರಡು ತಿಂಗಳಲ್ಲಿ ಹಳದಿಯ ತೂಕ ಇಳಿಯಿತು.

ರಾತ್ರಿಯ ಎಸಿ ಕೂಡ ಇಂಥದ್ದೇ ಕಥೆ. ಓಟಿಯ ಗಾಳಿ ಇಪ್ಪತ್ನಾಲ್ಕು ಗಂಟೆ ಆಡುತ್ತಿರಬೇಕು, ಅದು ಸರಿ. ಆದರೆ ಕೆಲಸವಿಲ್ಲದ ಹೊತ್ತಿನಲ್ಲಿ ತಂಪು ಬೇಕಿಲ್ಲ, ಬ್ಲೋಯರ್ ವೇಗ ಇಳಿಸಿದರೂ ನಡೆಯುತ್ತದೆ ಎಂದು ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ. ನಮ್ಮ ಎಲೆಕ್ಟ್ರಿಷಿಯನ್ನಿಗೆ ಯಾರೂ ಹೇಳಿರಲಿಲ್ಲ. ಖಾಲಿ ಓಟಿಯನ್ನು ವರ್ಷಗಟ್ಟಲೆ 20 ಡಿಗ್ರಿಯಲ್ಲಿ ತಣ್ಣಗಿಟ್ಟಿದ್ದೆವು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2020ರಲ್ಲಿ ಒಂದು ಗುರಿ ಹಾಕಿಕೊಂಡಿತು. ತನ್ನ ನೇರ ಹೊರೆಯನ್ನು 2040ಕ್ಕೆ, ಕೊಳ್ಳುವ ಮಾಲಿನದನ್ನೂ ಸೇರಿಸಿ 2045ಕ್ಕೆ ಸೊನ್ನೆಗೆ ತರುವುದು. ಸ್ಕಾಟ್ಲೆಂಡ್ 2023ರಲ್ಲಿ ಡೆಸ್‌ಫ್ಲುರೇನ್ ಎಂಬ ಅರಿವಳಿಕೆ ಗ್ಯಾಸನ್ನೇ ನಿಲ್ಲಿಸಿತು. ಅದು ಇಂಗಾಲದ ಡೈ ಆಕ್ಸೈಡಿನ ಸುಮಾರು 2,500 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಈ ದೊಡ್ಡ ಗುರಿಗಳಿಗಿಂತ ನನಗೆ ಹಿಡಿಸಿದ್ದು ಒಂದು ಸಣ್ಣ ಏರ್ಪಾಡು. ಇಂಗ್ಲೆಂಡಿನಲ್ಲಿ ಪ್ರತಿ ಸರ್ಕಾರಿ ಆಸ್ಪತ್ರೆ ಗುಂಪಿನ ಆಡಳಿತ ಮಂಡಳಿಯ ಒಬ್ಬರು ಈ ಕೆಲಸಕ್ಕೆ ಹೊಣೆ. ನಮ್ಮಲ್ಲಿ ಪರಿಸರ ಕಮಿಟಿ ಎಂದರೆ ಹೊಸದಾಗಿ ಸೇರಿದ ಡಾಕ್ಟರು, ಒಬ್ಬ ಸಿಸ್ಟರು ಮತ್ತು ತೋಟದ ಮಾಲಿ. ಖರೀದಿಗೆ ಸಹಿ ಹಾಕುವ ಯಾರೂ ಅದರಲ್ಲಿಲ್ಲ. ಈಗ ನಾನು ಸ್ಟೋರ್ ಹುಡುಗನನ್ನು ಅದಕ್ಕೆ ಸೇರಿಸಿದ್ದೇನೆ. ಮೀಟಿಂಗಿಗೆ ಬರುವಾಗ ಇಂಡೆಂಟ್ ಪುಸ್ತಕ ತರುತ್ತಾನೆ.

ಒಂದು ಗಂಟು ಮಾತ್ರ ಇನ್ನೂ ಬಿಡಿಸಲು ಆಗಿಲ್ಲ. ಕಸ ಒಯ್ಯುವ ಕಂಪನಿ ನಮಗೆ ಹಾಸಿಗೆ ಲೆಕ್ಕದಲ್ಲಿ ಬಿಲ್ ಮಾಡುತ್ತದೆ, ತೂಕದ ಲೆಕ್ಕದಲ್ಲಲ್ಲ. ಹಳದಿ ಚೀಲ ಅರ್ಧಕ್ಕಿಳಿದರೂ ಬಿಲ್ಲು ಅಷ್ಟೇ. "ಹಾಗಾದ್ರೆ ನಮಗೇನ್ ಲಾಭ?" ಎಂದು ಅಕೌಂಟ್ಸಿನವರು ಪ್ರತಿ ಸಲ ಕೇಳುತ್ತಾರೆ. ತೂಕಕ್ಕೆ ತಕ್ಕ ದರ ಮಾಡಿ ಎಂದು ಆ ಕಂಪನಿಗೆ ಪತ್ರ ಬರೆದು ಐದು ತಿಂಗಳಾಯಿತು. ಉತ್ತರ ಬಂದಿಲ್ಲ. ಬಿಲ್ಲು ಮಾತ್ರ ತಿಂಗಳ ಒಂದನೇ ತಾರೀಕಿಗೆ ತಪ್ಪದೆ ಬರುತ್ತಿದೆ.