ಮನೆಯೇ ಉದ್ಯಮವಾದಾಗ ಲೆಕ್ಕಕ್ಕೆ ಬಾರದ ಖರ್ಚುಗಳು

ಮನೆಯಿಂದಲೇ ಉದ್ಯಮ ಆರಂಭಿಸಬೇಕೆಂದು ಸಲಹೆ ಕೇಳಲು ಬರುವವರಲ್ಲಿ ಹೆಚ್ಚಿನವರು ಮೊದಲು ಹೇಳುವ ಮಾತು ಒಂದೇ: ‘ಬಾಡಿಗೆ ಇಲ್ಲ, ಸಂಬಳ ಕೊಡಬೇಕಾಗಿಲ್ಲ, ಆದ್ದರಿಂದ ನಷ್ಟದ ಭಯವೂ ಇಲ್ಲ.’ ಲೆಕ್ಕಪರಿಶೋಧಕನಾಗಿ ಇಂಥ ಅನೇಕ ಉದ್ಯಮಗಳ ಪುಸ್ತಕಗಳನ್ನು ನೋಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಬೇರೆಯೇ ಸಂಗತಿ. ಬಾಡಿಗೆಯೂ ಇರುತ್ತದೆ, ಸಂಬಳವೂ ಇರುತ್ತದೆ. ಆದರೆ ಅವನ್ನು ಮನೆ ಮತ್ತು ಮನೆಯವರು ಸದ್ದಿಲ್ಲದೆ ಭರಿಸುತ್ತಿರುತ್ತಾರೆ. ಉದ್ಯಮ ಚಿಕ್ಕದಾಗಿರುವವರೆಗೆ ಇದು ಗೊತ್ತಾಗುವುದಿಲ್ಲ. ಬೇಡಿಕೆ ಹೆಚ್ಚಿ, ಹೊರಗಿನವರೊಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡ ತಿಂಗಳಲ್ಲಿ ಗೊತ್ತಾಗುತ್ತದೆ.

ಬಟ್ಟೆಯ ಚೀಲಗಳನ್ನು ಹೊಲಿದು ಮಾರುತ್ತಿದ್ದ ಮಹಿಳೆಯೊಬ್ಬರು ಇದೇ ಘಟ್ಟದಲ್ಲಿ ನನ್ನ ಬಳಿ ಬಂದಿದ್ದರು. ಅವರು ಲೆಕ್ಕವನ್ನು ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದರು. ಮಾರಾಟದ ಬೆಲೆಯನ್ನು 100 ಎಂದಿಟ್ಟುಕೊಂಡರೆ ಬಟ್ಟೆಗೆ 38, ಜಿಪ್ಪು ಮತ್ತು ದಾರಕ್ಕೆ 12, ಪ್ಯಾಕಿಂಗ್ ಹಾಗೂ ಸಾಗಣೆಗೆ 10. ಉಳಿದ 40 ಲಾಭ ಎಂದು ಅವರ ಪುಸ್ತಕ ಹೇಳುತ್ತಿತ್ತು. ಒಂದು ಚೀಲವನ್ನು ಕತ್ತರಿಸಿ ಹೊಲಿಯಲು ಎಷ್ಟು ಹೊತ್ತು ಬೇಕೆಂದು ಕೇಳಿದೆ. ಒಂದು ಗಂಟೆ ಎಂದರು. ಫೋಟೊ ತೆಗೆಯುವುದು, ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸುವುದು, ಕಟ್ಟಿ ಕಳುಹಿಸುವುದು ಇವುಗಳಿಗೆ ಇನ್ನರ್ಧ ಗಂಟೆ. ಇದೇ ಕೆಲಸವನ್ನು ಬೇರೊಬ್ಬರಿಂದ ಮಾಡಿಸಿದ್ದರೆ ಗಂಟೆಗೆ 20ರಂತೆ 30 ಕೊಡಬೇಕಾಗುತ್ತಿತ್ತು. ಅಲ್ಲಿಗೆ 40ರ ಲಾಭ 10ಕ್ಕೆ ಇಳಿಯಿತು. ಇಪ್ಪತ್ತು ಚೀಲಗಳಲ್ಲಿ ಒಂದು ಕೆಟ್ಟುಹೋಗುತ್ತಿತ್ತು ಅಥವಾ ವಾಪಸು ಬರುತ್ತಿತ್ತು. ಅದರ 60ರ ವೆಚ್ಚವನ್ನು ಉಳಿದ ಹತ್ತೊಂಬತ್ತಕ್ಕೆ ಹಂಚಿದರೆ ತಲಾ 3ಕ್ಕಿಂತ ತುಸು ಹೆಚ್ಚು. ವಿದ್ಯುತ್ತು, ಹೊಲಿಗೆ ಯಂತ್ರದ ಸವಕಳಿ, ದುರಸ್ತಿ ಎಲ್ಲ ಸೇರಿ 6. ಕೊನೆಗೆ ಉಳಿದದ್ದು ಒಂದಕ್ಕೂ ಕಡಿಮೆ.

ಅವರು ಅಲ್ಲಿಯವರೆಗೆ ಲಾಭವೆಂದು ಎಣಿಸಿದ್ದು ತಮ್ಮದೇ ದುಡಿಮೆಯ ಕೂಲಿಯನ್ನು. ಅದರಲ್ಲಿ ತಪ್ಪೇನೂ ಇಲ್ಲ. ಮನೆಯಲ್ಲಿದ್ದುಕೊಂಡೇ ಕೂಲಿ ಗಳಿಸುವುದು ಅನೇಕರಿಗೆ ನಿಜವಾಗಿಯೂ ಬೇಕಾಗಿರುವ ಅನುಕೂಲ. ಆದರೆ ಆ ಕೂಲಿಯನ್ನೇ ಲಾಭವೆಂದು ನಂಬಿ ಬೆಲೆ ಗೊತ್ತುಮಾಡಿದವರು, ಸಹಾಯಕರೊಬ್ಬರನ್ನು ನೇಮಿಸಿದ ದಿನವೇ ಆ ಹಣವನ್ನು ಕೈಯಾರೆ ಎತ್ತಿಕೊಡಬೇಕಾಗುತ್ತದೆ. ಆಮೇಲೆ ಎಷ್ಟು ಹೆಚ್ಚು ಮಾರಿದರೂ ಕೈಗೆ ಏನೂ ಹತ್ತುವುದಿಲ್ಲ. ಆದ್ದರಿಂದ ಮೊದಲ ವಸ್ತುವಿಗೆ ಬೆಲೆ ಕಟ್ಟುವಾಗಲೇ ನಿಮ್ಮ ಸಮಯಕ್ಕೂ ಬೆಲೆ ಕಟ್ಟಿ ಎಂದು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ. ಆರಂಭದಲ್ಲಿ ಆ ಸಂಬಳವನ್ನು ತೆಗೆದುಕೊಳ್ಳದಿದ್ದರೂ ಪುಸ್ತಕದಲ್ಲಿ ಅದು ಇರಲಿ.

ಇನ್ನೊಂದು ಬಗೆಯ ಇಕ್ಕಟ್ಟಿಗೆ ಲಾಭ ಇರುವವರೂ ಸಿಕ್ಕಿಕೊಳ್ಳುತ್ತಾರೆ. ಸರಕು ಕೊಂಡ ದಿನಕ್ಕೂ ಅದರ ಹಣ ಕೈಸೇರುವ ದಿನಕ್ಕೂ ಇರುವ ಅಂತರವೇ ಅದು. ಕಚ್ಚಾ ಸಾಮಗ್ರಿ ಮನೆಯಲ್ಲಿ 15 ದಿನ ಇರುತ್ತದೆ, ತಯಾರಿಕೆಗೆ 10 ದಿನ ಹಿಡಿಯುತ್ತದೆ, ಅಂಗಡಿಯವರು 45 ದಿನಗಳ ಉದ್ದರಿ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು 70 ದಿನ. ಸಾಮಗ್ರಿ ಕೊಟ್ಟವರು ನಿಮಗೆ 20 ದಿನಗಳ ಗಡುವು ಕೊಟ್ಟಿದ್ದರೂ ಉಳಿದ 50 ದಿನಗಳ ವೆಚ್ಚವನ್ನು ನಿಮ್ಮ ಕೈಯಿಂದಲೇ ಹಾಕಬೇಕು. ತಿಂಗಳಿಗೆ 30,000 ಖರ್ಚಿರುವ ಉದ್ಯಮಕ್ಕೆ ಸುಮಾರು 50,000 ಸದಾ ಹೀಗೆ ಸಿಲುಕಿಕೊಂಡಿರುತ್ತದೆ, ಮತ್ತು ವ್ಯಾಪಾರ ಇಮ್ಮಡಿಯಾದರೆ ಆ ಮೊತ್ತವೂ ಇಮ್ಮಡಿಯಾಗುತ್ತದೆ. ದೊಡ್ಡ ಆರ್ಡರು ಬಂತೆಂದು ಸಂತೋಷಪಟ್ಟವರು ಮರುವಾರವೇ ಮನೆಖರ್ಚಿನ ಹಣಕ್ಕೆ ಕೈಹಾಕುವುದು ಈ ಕಾರಣದಿಂದ. ಭಾಗಶಃ ಮುಂಗಡ ಕೇಳಲು ಸಂಕೋಚ ಬೇಡ. ಬಾಕಿ ಉಳಿಸಿಕೊಂಡವರಿಗೆ ಗಡುವಿನ ಮರುದಿನವೇ ನೆನಪಿಸಲೂ ಸಂಕೋಚ ಬೇಡ.

ಮನೆಯ ಹಣ ಮತ್ತು ಉದ್ಯಮದ ಹಣ ಒಂದೇ ಖಾತೆಯಲ್ಲಿ ಬೆರೆತರೆ ಮೇಲಿನ ಯಾವ ಲೆಕ್ಕವೂ ಸಾಧ್ಯವಿಲ್ಲ. ಮೊದಲ ದಿನವೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಉದ್ಯಮದ ಪ್ರತಿಯೊಂದು ಜಮೆಯೂ ಖರ್ಚೂ ಅದರ ಮೂಲಕವೇ ಆಗುವಂತೆ ನೋಡಿಕೊಂಡು, ತಿಂಗಳ ಗೊತ್ತಾದ ದಿನ ಗೊತ್ತಾದ ಮೊತ್ತವನ್ನು ಮಾತ್ರ ಮನೆಗೆ ತೆಗೆದುಕೊಳ್ಳುವ ಶಿಸ್ತು ಇದ್ದರೆ, ವರ್ಷದ ಕೊನೆಯಲ್ಲಿ ತೆರಿಗೆಯ ಕೆಲಸ ಅರ್ಧ ಮುಗಿದಂತೆಯೇ. ಮನೆಯ ಬಾಡಿಗೆ, ವಿದ್ಯುತ್ತು, ಇಂಟರ್‌ನೆಟ್‌ಗಳಲ್ಲಿ ಉದ್ಯಮಕ್ಕೆ ಬಳಕೆಯಾದ ಪಾಲನ್ನು ಖರ್ಚೆಂದು ತೋರಿಸಲು ಹಲವು ದೇಶಗಳಲ್ಲಿ ಅವಕಾಶವಿದೆ. ಬಳಸಿದ ಜಾಗದ ವಿಸ್ತೀರ್ಣ, ಬಳಸಿದ ಸಮಯ ಇವೇ ಸಾಮಾನ್ಯವಾಗಿ ಅದಕ್ಕೆ ಅಳತೆಗೋಲು. ಆದರೆ ನಿಯಮಗಳು ಬಿಗಿಯಾಗಿರಬಹುದು: ಅಮೆರಿಕದಲ್ಲಿ ಆ ಜಾಗವು ನಿಯಮಿತವಾಗಿ, ಉದ್ಯಮಕ್ಕಷ್ಟೇ ಬಳಕೆಯಾಗುತ್ತಿರಬೇಕೆಂಬುದು ಸಾಮಾನ್ಯ ನಿಯಮ. ನಿಮ್ಮಲ್ಲಿನ ನಿಯಮವನ್ನು ಮೊದಲೇ ಕೇಳಿ ತಿಳಿದುಕೊಂಡು, ಬಿಲ್ಲುಗಳನ್ನು ಜೋಪಾನವಾಗಿಡಿ.

ಪರವಾನಗಿ, ಬಾಡಿಗೆ ಕರಾರು, ವಸತಿ ಸಮುಚ್ಚಯದ ನಿಯಮಗಳನ್ನು ಯಂತ್ರ ಕೊಳ್ಳುವ ಮುನ್ನವೇ ಓದಬೇಕು ಎಂಬುದನ್ನು ವಿವರಿಸುವ ಅಗತ್ಯವಿಲ್ಲ. ವಿಮೆಯ ವಿಷಯವನ್ನು ಮಾತ್ರ ಒತ್ತಿ ಹೇಳಬೇಕು, ಏಕೆಂದರೆ ಇದನ್ನು ಬಹುತೇಕರು ಮರೆಯುತ್ತಾರೆ. ಸಾಮಾನ್ಯ ಗೃಹ ವಿಮೆಯು ಮಾರಾಟಕ್ಕಿಟ್ಟ ಸರಕನ್ನಾಗಲಿ, ಕೆಲಸದ ನಿಮಿತ್ತ ಮನೆಗೆ ಬಂದ ಗ್ರಾಹಕರು ಬಿದ್ದು ಗಾಯಗೊಂಡರೆ ಬರುವ ಹೊಣೆಯನ್ನಾಗಲಿ ಹೆಚ್ಚಾಗಿ ಒಳಗೊಳ್ಳುವುದಿಲ್ಲ. ಉದ್ಯಮ ನಡೆಸುತ್ತಿರುವುದನ್ನು ವಿಮಾ ಸಂಸ್ಥೆಗೆ ತಿಳಿಸದಿದ್ದರೆ ಮನೆಯ ಪರಿಹಾರಕ್ಕೂ ತಕರಾರು ಬರಬಹುದು. ಒಬ್ಬರೇ ಮಾಲೀಕರಾಗಿ ನಡೆಸುವ ಉದ್ಯಮದಲ್ಲಿ ಸಾಲದ ಹೊಣೆ ಮಾಲೀಕರ ಸ್ವಂತ ಆಸ್ತಿಯ ಮೇಲೂ ಬರುತ್ತದೆ. ವಾಸದ ಮನೆಯನ್ನೇ ಅಡವಿಟ್ಟು ಬಂಡವಾಳ ತರುವುದಕ್ಕೆ ನಾನು ಯಾರಿಗೂ ಒಪ್ಪಿಗೆಯ ಮಾತು ಹೇಳಿಲ್ಲ. ಉದ್ಯಮ ಮುಚ್ಚಿದರೂ ತಲೆಯ ಮೇಲೆ ಸೂರು ಉಳಿಯಬೇಕು.

ಆರಂಭದ ತಿಂಗಳುಗಳಲ್ಲಿ ಮನೆಯನ್ನು ನಡೆಸುವ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಇರಬೇಕು. ಅಮೆರಿಕದ ಪಾಲೋ ಆಲ್ಟೊ ನಗರದ ಗ್ಯಾರೇಜೊಂದರಲ್ಲಿ 538 ಡಾಲರ್ ಬಂಡವಾಳದಿಂದ ಆರಂಭವಾಗಿ 1939ರಲ್ಲಿ ಪಾಲುದಾರಿಕೆ ಸಂಸ್ಥೆಯಾದ ಎಲೆಕ್ಟ್ರಾನಿಕ್ಸ್ ಕಂಪನಿ ಹ್ಯೂಲೆಟ್-ಪ್ಯಾಕರ್ಡ್‌ನ ಕಥೆಯನ್ನು ಎಲ್ಲರೂ ಸ್ಫೂರ್ತಿಗಾಗಿ ಹೇಳುತ್ತಾರೆ. ಆ ದಿನಗಳಲ್ಲಿ ಅದರ ಇಬ್ಬರು ಸ್ಥಾಪಕರಲ್ಲಿ ಒಬ್ಬರಾದ ಡೇವಿಡ್ ಪ್ಯಾಕರ್ಡ್ ಅವರ ಪತ್ನಿ ಲೂಸಿಲ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ದುಡಿದು ಮನೆಗೆ ಸಂಬಳ ತರುತ್ತಿದ್ದರು ಎಂಬುದನ್ನು ಹೇಳುವವರು ಕಡಿಮೆ. ಮನೆಯಲ್ಲಿ ಮತ್ತೊಂದು ಆದಾಯವಿಲ್ಲದಿದ್ದರೆ ಕನಿಷ್ಠ ಆರು ತಿಂಗಳ ಮನೆಖರ್ಚನ್ನು ಉದ್ಯಮದ ಬಂಡವಾಳಕ್ಕೆ ಸೇರಿಸದೆ ಬೇರೆಯಾಗಿ ಇಟ್ಟುಕೊಂಡು, ಇರುವ ಕೆಲಸವನ್ನು ಬಿಡದೆ ಕೆಲವು ತಿಂಗಳು ವ್ಯಾಪಾರವನ್ನು ಪರೀಕ್ಷಿಸಿ ನೋಡುವುದು ನನ್ನ ದೃಷ್ಟಿಯಲ್ಲಿ ಅಂಜುಬುರುಕುತನವಲ್ಲ.

ಚೀಲ ಹೊಲಿಯುವ ಆ ಮಹಿಳೆ ಬೆಲೆಯನ್ನು 100ರಿಂದ 125ಕ್ಕೆ ಏರಿಸಿದರು. ಹೆಚ್ಚು ಸಮಯ ಹಿಡಿಯುತ್ತಿದ್ದ ಎರಡು ಮಾದರಿಗಳನ್ನು ಕೈಬಿಟ್ಟರು. ಕೆಲವು ಗ್ರಾಹಕರು ಬರುವುದನ್ನು ನಿಲ್ಲಿಸಿದರು, ಅದು ಅವರಿಗೆ ನೋವನ್ನೂ ತಂದಿತು. ವರ್ಷದ ಬಳಿಕ ಮತ್ತೆ ಬಂದಾಗ ಅವರ ಪುಸ್ತಕದಲ್ಲಿ ‘ನನ್ನ ಗಂಟೆಗಳು’ ಎಂಬ ಹೊಸ ಅಂಕಣವೊಂದಿತ್ತು, ಅದರ ಪಕ್ಕದಲ್ಲಿ ಸಹಾಯಕಿಯ ಸಂಬಳದ ಅಂಕಣ. ಹೊರಗೆ ಒಂದು ಕೋಣೆ ಬಾಡಿಗೆಗೆ ಹಿಡಿದರೆ ಈ ಬೆಲೆ ತಾಳುತ್ತದೆಯೇ ಎಂದು ಕೇಳಲು ಬಂದಿದ್ದರು. ಕೂಡಿಸಿ ಕಳೆದು ನೋಡಿದಾಗ, ತಿಂಗಳಿಗೆ ಇನ್ನೂ ನಲವತ್ತು ಚೀಲಗಳು ಹೆಚ್ಚು ಹೋದರೆ ತಾಳುತ್ತಿತ್ತು.